ಮಂಗಳೂರಲ್ಲಿ ಎರಡು ರಾತ್ರಿ: ಮೀನು ತಿನ್ನುವ ಹೆಂಡತಿ, ತಿನ್ನದ ಗಂಡ, ಮೇಜು ಒಂದೇ

ಪ್ರಶ್ನೆ: ಬರುವ ನವೆಂಬರಿಗೆ ನಮ್ಮ ಮದುವೆಯಾಗಿ 10 ವರ್ಷ. ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಎರಡು ರಾತ್ರಿ ಸಮುದ್ರದ ಊರೊಂದಕ್ಕೆ ಹೋಗಿಬರಬೇಕು ಎಂದಿದ್ದೇವೆ. ಊರು ನೋಡುವುದಕ್ಕಿಂತ ಚೆನ್ನಾಗಿ ಊಟ ಮಾಡುವುದೇ ಇಬ್ಬರಿಗೂ ಮುಖ್ಯ. ನನ್ನ ಹೆಂಡತಿಗೆ ಮೀನು, ಕೋಳಿ ಎಂದರೆ ಪ್ರಾಣ. ನಾನು ಹುಟ್ಟು ಸಸ್ಯಾಹಾರಿ. ಗೋವಾ, ಕೊಚ್ಚಿ, ಮಂಗಳೂರು ಮೂರರ ನಡುವೆ ಮನಸ್ಸು ಓಡಾಡುತ್ತಿದೆ. 70,000 ರೂಪಾಯಿ ತೆಗೆದಿಟ್ಟಿದ್ದೇವೆ. ಈ ಒಂದು ಸಲ ಲೆಕ್ಕ ಹಾಕದೆ ಸುಖವಾಗಿ ಇದ್ದು ಬರಬೇಕು ಅನ್ನುವ ಆಸೆ. ಬೆಂಗಳೂರಿನಿಂದ ಹೊರಡುತ್ತೇವೆ. ಎಲ್ಲಿ ಉಳಿಯಬೇಕು, ಏನು ತಿನ್ನಬೇಕು, ದುಡ್ಡನ್ನು ಯಾವುದಕ್ಕೆ ಹಾಕಬೇಕು?

ಉತ್ತರ: ಮಂಗಳೂರಿಗೇ ಬನ್ನಿ. ನಮ್ಮೂರು ಎಂಬ ಅಭಿಮಾನ ನನಗೆ ಇದೆ, ಆದರೆ ಈ ಮಾತು ಅದಕ್ಕಾಗಿ ಹೇಳಿದ್ದಲ್ಲ. ನಿಮ್ಮ ಮನೆಯವರು ಒಬ್ಬರೇ ಬರುವುದಾಗಿದ್ದರೆ ಗೋವಾಕ್ಕೂ ಕೊಚ್ಚಿಗೂ ಬೇಡ ಅನ್ನುತ್ತಿರಲಿಲ್ಲ. ನೀವಿಬ್ಬರೂ ಒಟ್ಟಿಗೆ ಕೂತು, ಇಬ್ಬರೂ ಹೊಟ್ಟೆತುಂಬ, ಮನಸ್ಸುತುಂಬ ಉಣ್ಣಬೇಕು ಎನ್ನುವಾಗ ಕತೆ ಬೇರೆ. ಮೀನಿನ ಊರುಗಳಲ್ಲಿ ಸಸ್ಯಾಹಾರಿಗೆ ಸಿಗುವುದು ಸಾಮಾನ್ಯವಾಗಿ ಪನೀರು, ಅನ್ನ, ದಾಲ್. ಇಲ್ಲಿ ಹಾಗಲ್ಲ. ವೆಂಕಟರಮಣ ದೇವಸ್ಥಾನದ ರಥಬೀದಿಯಲ್ಲಿ ಕೊಂಕಣಿಗರ ಖೊಟ್ಟೆ (ಹಲಸಿನೆಲೆಯಲ್ಲಿ ಬೇಯಿಸಿದ ಕಡುಬು), ದಾಳಿತೋವೆ (ಇಂಗಿನ ಒಗ್ಗರಣೆಯ ತೊವ್ವೆ). ಅಲ್ಲಿಂದ ಕಾಲ್ನಡಿಗೆಯಲ್ಲಿ ಇಳಿದರೆ ಬಂದರು, ಅಲ್ಲಿ ಕಾವಲಿಯ ಮೇಲೆ ಬಂಗುಡೆ. ಎರಡೂ ಅಡುಗೆಗಳು ಇಲ್ಲಿ ನೂರಾರು ವರ್ಷ ಅಕ್ಕಪಕ್ಕದಲ್ಲೇ ಬೆಳೆದವು. ಒಂದರ ಮಸಾಲೆ ಇನ್ನೊಂದರ ಮನೆಯೊಳಗೆ ಹೋಗಿಬಂದಿದೆ. ನಿಮ್ಮ ಬಟ್ಟಲಿಗೆ ಬರುವ ಗಸಿ ಎಂಬ ಗಟ್ಟಿ ಸಾರೂ ನಿಮ್ಮ ಹೆಂಡತಿಯ ಬಟ್ಟಲಿಗೆ ಬರುವ ಗಸಿಯೂ ಅದೇ ಬ್ಯಾಡಗಿ ಮೆಣಸು, ಅದೇ ಕೊತ್ತಂಬರಿ, ಅದೇ ತೆಂಗಿನಕಾಯಿಯಿಂದ ಆದದ್ದು. ಒಳಗೆ ಬೀಳುವುದು ಮಾತ್ರ ಬೇರೆ.

ಅತಿಥಿಗಳಿಗೆ ಊಟ ಹೊಂದಿಸಿಕೊಡುವ ಕೆಲಸದಲ್ಲಿ ನಾನು ವರ್ಷಗಟ್ಟಲೆ ಇದ್ದೇನೆ. ಸುಖವಾಗಿ ಇರಬೇಕು ಎಂದು ಬರುವವರು ಮಾಡುವ ತಪ್ಪು ಹೆಚ್ಚಾಗಿ ಒಂದೇ. ದೊಡ್ಡ ಕೋಣೆ ಹಿಡಿಯುತ್ತಾರೆ, ದೊಡ್ಡ ಮೀನು ಹೇಳುತ್ತಾರೆ, ದಿನಕ್ಕೆ ಐದು ಕಡೆ ತಿನ್ನುವ ಪಟ್ಟಿ ಹಿಡಿದುಕೊಂಡು ಓಡುತ್ತಾರೆ. ಭಾನುವಾರ ಮಧ್ಯಾಹ್ನಕ್ಕೆ ಹೊಟ್ಟೆ ಕೆಟ್ಟಿರುತ್ತದೆ, ಬಾಯಿಗೆ ರುಚಿ ಹತ್ತುವುದಿಲ್ಲ. ನಮ್ಮೂರಿನಲ್ಲಿ ನಿಜವಾದ ಸುಖ ಇರುವುದು ಮೀನು ನೀರಿನಿಂದ ಬಂದು ಎಷ್ಟು ಗಂಟೆ ಆಯಿತು ಎನ್ನುವುದರಲ್ಲಿ, ಮತ್ತು ನಿಮಗಾಗಿಯೇ ಒಬ್ಬರು ಒಲೆಯ ಮುಂದೆ ನಿಂತು ಒಂದೊಂದೇ ದೋಸೆ ಹುಯ್ದು ಕಳಿಸುವುದರಲ್ಲಿ. ನಿಮ್ಮ 70,000ವನ್ನು ಇವೆರಡಕ್ಕೆ ತಿರುಗಿಸೋಣ. ನೀವು ಶುಕ್ರವಾರ ಸಂಜೆ ಬಂದು ಭಾನುವಾರ ಸಂಜೆ ಹೊರಡುತ್ತೀರಿ ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಮೀನಿನ ವಿಷಯ. ಇದನ್ನು ನಿಮ್ಮವರಿಗೆ ಓದಿ ಹೇಳಿ.

ತಿಂಗಳು ಒಳ್ಳೆಯದೇ ಆರಿಸಿದ್ದೀರಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಬಿರುಸಾಗಿರುತ್ತದೆ. ಆ ಎರಡು ತಿಂಗಳು ನಾಡದೋಣಿಯವರು ತಂದ ಸ್ವಲ್ಪ ಮೀನು ಬಿಟ್ಟರೆ ಹೋಟೆಲುಗಳಲ್ಲಿ ಇರುವುದು ಹೆಚ್ಚಾಗಿ ಹೊರಗಿನಿಂದ ಬಂದದ್ದು, ಇಲ್ಲವೇ ಮಂಜುಗಡ್ಡೆಯಲ್ಲಿ ಇಟ್ಟದ್ದು. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿಯುತ್ತವೆ. ನವೆಂಬರಿಗೆ ಮಳೆ ಹಿಂದೆ ಸರಿದಿರುತ್ತದೆ, ಕಡಲು ಶಾಂತವಾಗಿರುತ್ತದೆ, ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಮೀನಿನ ಬಗೆ ತುಂಬಿರುತ್ತದೆ.

ಇನ್ನು ಹೊರಗಿನವರು ಕೇಳಿ ತಿಳಿದುಕೊಳ್ಳದ ಒಂದು ಸಂಗತಿ. ಎಲ್ಲ ಬೋಟುಗಳೂ ಒಂದೇ ಥರ ಹೋಗಿ ಬರುವುದಿಲ್ಲ. ಆಳಕಡಲಿಗೆ ಹೋಗುವ ಟ್ರಾಲ್ ಬೋಟುಗಳು ಎಂಟು, ಹತ್ತು ದಿನ ಕಡಲಲ್ಲೇ ಇರುತ್ತವೆ. ಹಿಡಿದ ಮೀನನ್ನು ಮಂಜುಗಡ್ಡೆಯ ಪುಡಿಯಲ್ಲಿ ಹೂತಿಟ್ಟು ತರುತ್ತವೆ. ಪರ್ಸಿನ್ ಬೋಟುಗಳು ಹೋದ ದಿನವೇ ತಿರುಗಿ ಬರುತ್ತವೆ, ಅವು ತರುವುದು ಬಂಗುಡೆ, ಬೂತಾಯಿಯಂಥ ಗುಂಪಿನ ಮೀನು. ಹೋಟೆಲಿನವರು ‘ಇವತ್ತೇ ಬಂದ ಮೀನು’ ಎಂದರೆ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ದಕ್ಕೆಗೆ ಇವತ್ತೇ ಬಂದಿರಬಹುದು, ಬಲೆಗೆ ಬಿದ್ದು ವಾರ ಆಗಿರಬಹುದು. ಅಂಜಲ್ ಎಂಬ ದುಬಾರಿ ದೊಡ್ಡ ಮೀನಿನ ತುಂಡು ಹೆಚ್ಚಾಗಿ ಈ ದೂರದ ಪ್ರಯಾಣದ್ದು. ಅಗ್ಗದ ಬಂಗುಡೆ ನಿನ್ನೆ ರಾತ್ರಿ ನೀರಿನಲ್ಲಿ ಇದ್ದದ್ದು.

ಆದ್ದರಿಂದ ಅಂಜಲ್ ತವಾ ಫ್ರೈಗೆ ನಾನು ಬೇಡ ಅನ್ನುವುದಿಲ್ಲ, ಒಂದು ತುಂಡು ತಿನ್ನಲಿ. ಅಂಜಲ್ ಬೆಂಗಳೂರಿನಲ್ಲೂ ಸಿಗುತ್ತದೆ. ಬೆಂಗಳೂರಿಗೆ ಬರುವಾಗ ಸತ್ವ ಕಳೆದುಕೊಳ್ಳುವುದು ಸಣ್ಣ ಮೀನುಗಳು. ಬಂಗುಡೆ, ಬೂತಾಯಿ, ಬೊಲಿಂಜೀರ್, ಅಂಗೈ ಉದ್ದದ ಕಾಣೆ, ನಂಗ್, ಮರುವಾಯಿ. ಇವುಗಳಿಗಾಗಿಯೇ ಇಲ್ಲಿಗೆ ಬರಬೇಕು. ಬೊಲಿಂಜೀರ್ ಬೆರಳುದ್ದದ ಬೆಳ್ಳಿ ಮೀನು. ರವೆ ಸವರಿ ಕಾಯಿಸಿ ಬಾಳೆಲೆಗೆ ಹಾಕಿದರೆ ತಲೆ ಬಾಲ ಎನ್ನದೆ ಇಡಿಯಾಗಿ ಜಗಿಯುವಂಥದ್ದು. ಕಾಣೆ ಮೆತ್ತಗಿನ ಬಿಳಿ ಮಾಂಸ, ಹಿಂದಿನಿಂದ ಒತ್ತಿದರೆ ನಡುಮುಳ್ಳು ಒಂದೇ ಎಳೆಯಾಗಿ ಬಿಟ್ಟು ಬರುತ್ತದೆ. ಮುಳ್ಳಿಗೆ ಹೆದರುವವರು ಇಲ್ಲಿಂದ ಶುರುಮಾಡಬಹುದು. ಮರುವಾಯಿ ಎಂದರೆ ಹೊಳೆ ಕಡಲು ಸೇರುವ ಅಳಿವೆಯ ಮರಳಿನಲ್ಲಿ ಹೆಕ್ಕುವ ಚಿಪ್ಪು. ಹಸಿ ತೆಂಗಿನತುರಿಯ ಸುಕ್ಕ ಮಾಡಿ ಕೊಟ್ಟಾಗ ಚಿಪ್ಪನ್ನು ಕೈಯಲ್ಲಿ ಹಿಡಿದು ಹೀರಬೇಕು. ಚಮಚದಲ್ಲಿ ತಿನ್ನುವವರಿಗೆ ಅದರ ಅರ್ಧ ರುಚಿ ತಟ್ಟೆಯಲ್ಲೇ ಉಳಿಯುತ್ತದೆ.

ಶನಿವಾರ ಬೆಳಿಗ್ಗೆ ಸಾಧ್ಯವಾದರೆ ಬಂದರಿನ ದಕ್ಕೆಗೆ ಹೋಗಿ. ಸಸ್ಯಾಹಾರಿಗಳಿಗೆ ವಾಸನೆ ಕಷ್ಟ ಆಗಬಹುದು, ನಿಮಗೆ ಒತ್ತಾಯ ಇಲ್ಲ. ಆದರೆ ಹೆಂಡತಿಯ ಪಕ್ಕದಲ್ಲಿ ಹತ್ತು ನಿಮಿಷ ನಿಂತು ನೋಡಿ. ಬೆಳಕು ಹರಿಯುವ ಹೊತ್ತಿಗೆ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿರುತ್ತದೆ, ಏಲಂ ಕೂಗುವವರ ಸ್ವರ, ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದು, ತಲೆಯ ಮೇಲೆ ಹದ್ದು, ಕಾಗೆ. ಮೀನು ಕೊಳ್ಳಲು ಬಂದ ಹೆಂಗಸರು ಬಂಗುಡೆಯ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಲಾಗಿ ಎತ್ತುತ್ತಾರೆ. ಬಾಲ ನೆಟ್ಟಗೆ ಸಲಾಕೆಯಂತೆ ನಿಂತರೆ ಬುಟ್ಟಿಗೆ. ಬಾಲ ಜೋತುಬಿದ್ದರೆ ಮಾತಿಲ್ಲದೆ ಕೆಳಗೆ. ಕಿವಿರು ಎತ್ತಿ ನೋಡುವುದು, ಕಣ್ಣು ನೋಡುವುದು ಎಲ್ಲ ಆಮೇಲೆ. ರಬ್ಬರ್ ಚಪ್ಪಲಿ ಹಾಕಿ, ನೆಲ ಜಾರುತ್ತದೆ. ಅವರು ದುಡಿಯುತ್ತಿರುತ್ತಾರೆ, ಫೋಟೊ ಹಿಡಿಯುವ ಮೊದಲು ಒಂದು ಮಾತು ಕೇಳಿ. ‘ಅಕ್ಕಾ’ ಎಂದು ಕರೆದರೆ ಸಾಕು, ಅಡುಗೆಯ ಕ್ರಮವನ್ನೂ ಹೇಳಿಕೊಡುತ್ತಾರೆ.

ಉಳಿಯುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ನಕಾಶೆಯಲ್ಲಿ ಮಂಗಳೂರು ಕಡಲಿಗೆ ಅಂಟಿಕೊಂಡಂತೆ ಕಾಣುತ್ತದೆ, ಆದರೆ ಹಳೆಯ ನಗರಕ್ಕೂ ಕಡಲಿಗೂ ನಡುವೆ ಹೊಳೆ ಇದೆ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ ಬಂದು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೆಂಗ್ರೆ, ತಣ್ಣೀರುಬಾವಿ ಇರುವುದು ಹೊಳೆಯ ಆಚೆಯ ಮರಳುಪಟ್ಟಿಯ ಮೇಲೆ. ಹಾಗಾಗಿ ಪೇಟೆಯ ಹೋಟೆಲಿನ ಏಳನೇ ಮಹಡಿಯಿಂದ ಕಾಣುವುದು ಹೊಳೆ, ತೆಂಗು, ಅದರಾಚೆ ಒಂದು ನೀಲಿ ಗೆರೆ. ಚೆಂದವೇ. ಆದರೆ ಅಲೆಯ ಸದ್ದಿಗೆ ಮಲಗಬೇಕು ಎಂದು ಆಸೆಯಿಟ್ಟು ಬಂದವರಿಗೆ ಬೇಸರ ಆಗುತ್ತದೆ. ಅಲೆ ಬೇಕೆಂದರೆ ದಕ್ಷಿಣಕ್ಕೆ ಉಳ್ಳಾಲ, ಸೋಮೇಶ್ವರ, ಉತ್ತರಕ್ಕೆ ಸುರತ್ಕಲ್, ಸಸಿಹಿತ್ಲು, ಮೂಲ್ಕಿ ಕಡೆ. ಓಶನ್ ಪರ್ಲ್, ಹಳೆ ಬಂದರು ರಸ್ತೆಯ ವಿವಾಂತಾದಂಥ ದೊಡ್ಡ ಹೋಟೆಲುಗಳು ಪೇಟೆಯೊಳಗೆ. ಅಲ್ಲಿ ಉಳಿದರೆ ತಿನ್ನುವ ಜಾಗಗಳು ಹತ್ತಿರ.

ನಿಮಗೆ ನಾನು ಹೇಳುವುದು ಕಡಲ ಕಡೆಯ ಒಂದು ಸಣ್ಣ ಮನೆ. ಮೂರು ನಾಲ್ಕು ಕೋಣೆಗಿಂತ ಹೆಚ್ಚಿರದ, ಆ ಮನೆಯವರೇ ಅಡುಗೆ ಮಾಡುವ ಹೋಂಸ್ಟೇ. ಕಾದಿರಿಸುವ ಮೊದಲು ಫೋನಿನಲ್ಲಿ ಮಾತಾಡಿ. ಕೋಣೆಯ ವಿಷಯ ಕೊನೆಗಿರಲಿ. ‘ಅಡುಗೆ ಯಾರು ಮಾಡುವುದು, ಮೀನಿಗೆ ಬೇರೆ ಕಾವಲಿ ಇದೆಯಾ, ನಮ್ಮವರಲ್ಲಿ ಒಬ್ಬರು ಸಸ್ಯಾಹಾರಿ, ಬೇರೆ ಪಾತ್ರೆಯಲ್ಲಿ ಮಾಡಿಕೊಡಲು ಆಗುತ್ತದಾ’ ಎಂದು ಕೇಳಿ. ಪ್ರಶ್ನೆ ಕೇಳಿದ ಕೂಡಲೇ ‘ಅದೆಲ್ಲಾ ಆಗ್ತದೆ ಸಾರ್’ ಎಂದು ಮುಗಿಸುವವರು ಒಂದು ಬಗೆ. ‘ನಿಮಗೆ ಬೆಳ್ಳುಳ್ಳಿ ಆಗ್ತದಾ, ಬಸಳೆ ತಿಂತೀರಾ’ ಎಂದು ತಿರುಗಿ ಕೇಳುವವರು ಇನ್ನೊಂದು ಬಗೆ. ಎರಡನೆಯವರ ಮನೆಗೆ ಹೋಗಿ, ಹಾಸಿಗೆ ಸ್ವಲ್ಪ ಹಳೆಯದಾದರೂ ಪರವಾಗಿಲ್ಲ.

ಮರಳಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು ಬಡಿಸುವ ರಾತ್ರಿಯೂಟವನ್ನು ದಂಪತಿಗಳಿಗೆಂದೇ ಹಲವು ಕಡೆ ಇಟ್ಟಿರುತ್ತಾರೆ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಒಮ್ಮೆ ನಾವೂ ಹೋಗಿದ್ದೆವು, ಒಂದು ರೆಸಾರ್ಟಿಗೆ. ಸಂಜೆ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ. ಮೇಣದಬತ್ತಿ ಮೂರು ಸಲ ಆರಿತು, ಅಡುಗೆಮನೆಯಿಂದ ಇನ್ನೂರು ಹೆಜ್ಜೆ ಹೊತ್ತು ತಂದ ಕಾಣೆ ತಣ್ಣಗಾಗಿತ್ತು, ಕಚ್ಚಿದಾಗ ಹಲ್ಲಿಗೆ ಸಿಕ್ಕಿದ್ದು ರವೆಯೋ ಮರಳೋ ತಿಳಿಯಲಿಲ್ಲ. ನನ್ನ ಯಜಮಾನರು ಏನೂ ಹೇಳದೆ ತಿಂದರು, ಅದು ಇನ್ನೂ ಬೇಸರ. ಹುರಿದ ಮೀನಿಗೆ ಕಾವಲಿಯಿಂದ ಎಲೆಗೆ ಬರುವ ದಾರಿ ಹತ್ತು ಹೆಜ್ಜೆಗಿಂತ ಹೆಚ್ಚಿರಬಾರದು. ಕಡಲಿಗೆ ಮುಖ ಮಾಡಿದ ಜಗಲಿ, ಹಿಂದೆಯೇ ಅಡುಗೆಮನೆ. ಅದನ್ನು ಹುಡುಕಿ. ನವೆಂಬರಿನಲ್ಲಿ ಸೂರ್ಯ ಸಂಜೆ ಆರರ ಆಸುಪಾಸಿಗೆ ಮುಳುಗುತ್ತಾನೆ. ಐದೂವರೆಗೆ ಮರಳಿನ ಮೇಲೆ ನಡೆದು ಬನ್ನಿ, ಊಟಕ್ಕೆ ಮೇಲೆ ಬನ್ನಿ.

ಈಗ ನಿಮ್ಮ ಊಟ. ಅದನ್ನೇ ಮುಖ್ಯವಾಗಿ ಬರೆಯಬೇಕು, ಯಾಕೆಂದರೆ ಇಂಥ ಪ್ರವಾಸ ಕೆಡುವುದು ಒಬ್ಬರು ಬೆವರಿಳಿಸಿ ಸುಖವಾಗಿ ತಿನ್ನುವಾಗ ಇನ್ನೊಬ್ಬರು ಮೊಸರನ್ನದ ಮುಂದೆ ಮೊಬೈಲು ನೋಡುತ್ತಾ ಕೂತಾಗ.

ನಮ್ಮಲ್ಲಿ ಪೋಡಿ ಎಂದಿದೆ. ಜೀಗುಜ್ಜೆ (ದೀವಿಹಲಸು), ಸುವರ್ಣಗಡ್ಡೆ, ಬಾಳೆಕಾಯಿ, ಇವನ್ನು ತೆಳ್ಳಗೆ ಬಿಲ್ಲೆ ಮಾಡಿ, ಮೆಣಸಿನಪುಡಿ, ಇಂಗು, ಉಪ್ಪು ಹಚ್ಚಿ, ಅಕ್ಕಿಹಿಟ್ಟು ಅಥವಾ ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಎರಡೂ ಬದಿ ಗರಿಗರಿಯಾಗಿ ಕಾಯಿಸುವುದು. ಜೀಗುಜ್ಜೆ ಸಿಕ್ಕಿದರೆ ನಿಮ್ಮ ಪುಣ್ಯ. ಹೊರಗೆ ಗರಿ, ಒಳಗೆ ಬೆಣ್ಣೆ. ಸಿಗದಿದ್ದರೆ ಸುವರ್ಣಗಡ್ಡೆ ಕೇಳಿ. ನಿಮ್ಮವರ ಎಲೆಯಲ್ಲಿ ಕಾಣೆ ರವಾ ಫ್ರೈ, ನಿಮ್ಮ ಎಲೆಯಲ್ಲಿ ಗಡ್ಡೆಯ ರವಾ ಫ್ರೈ, ಎರಡಕ್ಕೂ ಅದೇ ಬಣ್ಣ, ಅದೇ ಸದ್ದು. ಬಸಳೆ ಸೊಪ್ಪಿನ ಗಸಿಗೆ ಪುಂಡಿ ಹಾಕಿ ಕುದಿಸಿದರೆ ಅದೇ ಒಂದು ಊಟ. ಪುಂಡಿ ಎಂದರೆ ಅಕ್ಕಿ ಕಡುಬಿನ ಉಂಡೆ, ರಸ ಹೀರಿಕೊಂಡು ಮೆತ್ತಗಾಗುತ್ತದೆ. ಮೊಳಕೆ ಬರಿಸಿದ ಹೆಸರುಕಾಳಿನ ಗಸಿಗೆ ನಾವು ಪದೆಂಗಿ ಗಸಿ ಎನ್ನುತ್ತೇವೆ. ಕೋಳಿ ಗಸಿ ತಿನ್ನದ ಮನೆಗಳಲ್ಲಿ ಹಬ್ಬದ ಮೇಲೋಗರ ಅದು. ತೊಂಡೆಕಾಯಿ, ಗೇರುಬೀಜದ ಪಲ್ಯವನ್ನು ಕೊಂಕಣಿಗರಷ್ಟು ಚೆನ್ನಾಗಿ ಮಾಡುವವರಿಲ್ಲ. ಹಸಿ ಗೇರುಬೀಜ ಸಿಗುವುದು ಫೆಬ್ರವರಿ, ಮಾರ್ಚಿನಲ್ಲಿ, ನಿಮಗೆ ಒಣಗಿದ್ದನ್ನು ನೆನೆಸಿ ಮಾಡುತ್ತಾರೆ, ಅದೂ ಕಡಿಮೆಯಿಲ್ಲ. ಪತ್ರೊಡೆಯ ಆಸೆ ಇಟ್ಟುಕೊಳ್ಳಬೇಡಿ. ಕೆಸುವಿನ ಎಲೆ ಚೆನ್ನಾಗಿರುವುದು ಆಟಿ ತಿಂಗಳ ಮಳೆಯಲ್ಲಿ. ನವೆಂಬರಿನಲ್ಲಿ ಯಾರಾದರೂ ಕೊಟ್ಟರೆ ತಿನ್ನಿ, ಅದನ್ನೇ ಪತ್ರೊಡೆ ಎಂದು ತೀರ್ಮಾನ ಮಾಡಬೇಡಿ.

ಶನಿವಾರ ಬೆಳಗಿನ ತಿಂಡಿ ಪೇಟೆಯಲ್ಲಿ. ಹಂಪನಕಟ್ಟೆ, ಕೊಡಿಯಾಲ್‌ಬೈಲ್ ಕಡೆಯ ಹಳೆಯ ಸಸ್ಯಾಹಾರಿ ಹೋಟೆಲುಗಳಲ್ಲಿ ಎಂಟು ಗಂಟೆಗೆ ಬನ್ಸ್ ಬಿಸಿಯಾಗಿರುತ್ತದೆ. ಮೈದಾಕ್ಕೆ ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ, ಚೂರು ಜೀರಿಗೆ ಸೇರಿಸಿ ರಾತ್ರಿ ಕಲಸಿಟ್ಟ ಹಿಟ್ಟು, ಬೆಳಿಗ್ಗೆ ಲಟ್ಟಿಸಿ ಎಣ್ಣೆಗೆ ಬಿಟ್ಟಾಗ ಚೆಂಡಿನಂತೆ ಉಬ್ಬುತ್ತದೆ. ಬಿಸಿ ಇರುವಾಗ ಹರಿದರೆ ಬಾಳೆಹಣ್ಣಿನ ಪರಿಮಳ ಹಬೆಯ ಜೊತೆ ಮೂಗಿಗೆ ಬರುತ್ತದೆ. ಇಬ್ಬರಿಗೂ ಸೇರಿ ಒಂದು ಪ್ಲೇಟು ಬನ್ಸ್, ಒಂದು ಪ್ಲೇಟು ಗೋಳಿಬಜೆ, ಎರಡು ಕಾಫಿ. ಅಷ್ಟೇ. ಇದು ನೀವು ಸೋಲುವ ಜಾಗ, ಇನ್ನೊಂದು ಮಸಾಲೆ ದೋಸೆ ಹೇಳೋಣ ಅನ್ನಿಸುತ್ತದೆ. ಹೇಳಬೇಡಿ, ಮಧ್ಯಾಹ್ನ ಕಾದಿದೆ.

ಮಧ್ಯಾಹ್ನದ ಊಟಕ್ಕೆ ಎರಡು ದಾರಿ ಇದೆ. ಬಂದರಿನ ನಾರಾಯಣ, ರಥಬೀದಿ ಬದಿಯ ಗಿರಿಮಂಜಾಸ್, ಇವು ಮೀನಿಗೇ ಹೆಸರಾದ ಸಣ್ಣ ಜಾಗಗಳು. ಮಸಾಲೆ ಹಚ್ಚಿದ ಮೀನನ್ನು ತಟ್ಟೆಯಲ್ಲಿ ಸಾಲಾಗಿ ತಂದು ತೋರಿಸುತ್ತಾರೆ, ಬೊಟ್ಟು ಮಾಡಿ ಆರಿಸಬೇಕು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಕಾವಲಿಯಿಂದ ಇಳಿದ ಬಂಗುಡೆ. ಹನ್ನೆರಡಕ್ಕೆ ಹೋದರೆ ಕೂರಲು ಜಾಗ ಉಂಟು, ಒಂದು ಗಂಟೆ ಮೇಲೆ ನಿಮ್ಮ ಹಿಂದೆ ಒಬ್ಬರು ನಿಂತು ನೀವು ಏಳುವುದನ್ನು ಕಾಯುತ್ತಿರುತ್ತಾರೆ. ನಿಮ್ಮವರು ಇದನ್ನು ತಪ್ಪಿಸಿಕೊಳ್ಳಬಾರದು. ಆದರೆ ನಿಮಗೆ ಅಲ್ಲಿ ಏನೂ ಇಲ್ಲ. ಹಾಗಾಗಿ ನನ್ನ ಸಲಹೆ, ಹನ್ನೊಂದೂವರೆಗೆ ರಥಬೀದಿ ಸುತ್ತಿನ ಸಸ್ಯಾಹಾರಿ ಹೋಟೆಲಿನಲ್ಲಿ ನೀವು ಬಾಳೆಲೆ ಊಟ ಮಾಡಿ, ಅವರು ಪಕ್ಕದಲ್ಲಿ ಕೂತು ನಿಮ್ಮ ದಾಳಿತೋವೆಯ ರುಚಿ ನೋಡಲಿ. ಆಮೇಲೆ ನಿಧಾನಕ್ಕೆ ನಡೆದು ಹೋಗಿ ಅವರು ಮೀನಿನ ಊಟಕ್ಕೆ ಕೂರಲಿ, ನೀವು ಎದುರಿಗೆ ಪುನರ್ಪುಳಿ (ಕೋಕಂ) ಜ್ಯೂಸು ಹಿಡಿದು ಕೂತುಕೊಳ್ಳಿ. ಹೊಟ್ಟೆ ತುಂಬಿದವನು ಎದುರಿಗೆ ಕೂತು ಕಾಯುವುದಕ್ಕೂ ಹಸಿದವನು ಕಾಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಇದು ಬೇಡವೆಂದರೆ ಎರಡನೇ ದಾರಿ, ಎರಡೂ ಬಗೆಯ ಅಡುಗೆ ಇರುವ ದೊಡ್ಡ ಹೋಟೆಲು. ಅಲ್ಲಿ ಅವರಿಗೆ ಕೋಳಿ ಘೀ ರೋಸ್ಟ್, ನಿಮಗೆ ಅಣಬೆ ಘೀ ರೋಸ್ಟ್. ಈ ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಂನಲ್ಲಿ ಎಂದು ಕರಾವಳಿಯವರ ಮಾತು. ತುಪ್ಪದಲ್ಲಿ ಬ್ಯಾಡಗಿ ಮೆಣಸಿನ ಮಸಾಲೆಯನ್ನು ಎಣ್ಣೆ ಬಿಡುವ ತನಕ ಬಾಡಿಸುವುದರಲ್ಲೇ ಅದರ ಗುಟ್ಟು. ಬಣ್ಣ ಕಡುಗೆಂಪು ಇರಬೇಕು, ಖಾರ ಅಷ್ಟಿರಬಾರದು. ಬಾಯಿ ಉರಿದರೆ ಮೆಣಸು ಬೇರೆ ಹಾಕಿದ್ದಾರೆ ಎಂದು ತಿಳಿಯಿರಿ.

ಮಧ್ಯಾಹ್ನ ಮಲಗಿ. ಇದನ್ನು ಸಲಹೆಯಾಗಿಯೇ ಹೇಳುತ್ತಿದ್ದೇನೆ, ಕುಚ್ಚಲಕ್ಕಿ ಊಟದ ಮೇಲೆ ಊರು ಸುತ್ತುವವರಿಗೆ ರಾತ್ರಿ ಹಸಿವೆ ಇರುವುದಿಲ್ಲ. ಎದ್ದ ಮೇಲೆ ಹೊರಗೆ ಹೋಗುವ ಮನಸ್ಸಾದರೆ ಸಂತ ಅಲೋಶಿಯಸ್ ಚಾಪೆಲ್ ಒಂದು ಸಾಕು. ಇಟಲಿಯ ಅಂಟೋನಿಯೊ ಮೊಸ್ಕೆನಿ 1899ರಲ್ಲಿ ಶುರುಮಾಡಿ ಬಿಡಿಸಿದ ಚಿತ್ರಗಳು ಅದರ ಗೋಡೆ, ಚಾವಣಿ ತುಂಬ ಇವೆ, ಒಳಗೆ ತಂಪು. ದೇವಸ್ಥಾನದ ಮನಸ್ಸಿದ್ದರೆ ಕದ್ರಿ ಮಂಜುನಾಥ.

ಶನಿವಾರ ರಾತ್ರಿ ಐಸ್‌ಕ್ರೀಂ. 1975ರಲ್ಲಿ ಶುರುವಾದ ಐಡಿಯಲ್, ಅವರದೇ ಲಾಲ್‌ಬಾಗಿನ ಪಬ್ಬಾಸ್, ಎರಡರಲ್ಲಿ ಯಾವುದಾದರೂ ಸರಿ. ಉದ್ದ ಗಾಜಿನ ಲೋಟದಲ್ಲಿ ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಒಣಹಣ್ಣು ಪದರಪದರವಾಗಿ ತುಂಬಿದ ಗಡ್‌ಬಡ್ ಒಂದು ತೆಗೆದುಕೊಂಡು ಎರಡು ಚಮಚ ಕೇಳಿ. ಇಬ್ಬರಿಗೆ ಎರಡು ಬೇಡ. ತಳದ ತನಕ ಹೋಗಲು ಆಗುವುದಿಲ್ಲ.

ಅಂದು ರಾತ್ರಿಯ ಊಟ ಚಿಕ್ಕದಿರಲಿ, ಯಾಕೆಂದರೆ ಈ ಪ್ರವಾಸದ ದೊಡ್ಡ ಊಟ ಭಾನುವಾರ ಬೆಳಗಿನದು. ಇದನ್ನು ನಾನು ನನ್ನ ಅತಿಥಿಗಳಿಗೆಲ್ಲ ಮಾಡಿಸುತ್ತೇನೆ. ಶನಿವಾರವೇ ಹೋಂಸ್ಟೇಯ ಮನೆಯವರಿಗೆ ಹೇಳಿ, ಸಂಜೆ ಮಣ್ಣಿನ ಅಳಗೆಯಲ್ಲಿ ಬಂಗುಡೆ ಪುಳಿಮುಂಚಿ ಮಾಡಿ ಇಡಲು. ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ತೆಂಗಿನಕಾಯಿ ಹಾಕದ, ಗಟ್ಟಿಯಾದ, ಹುಳಿಖಾರದ ಸಾರು ಅದು. ತೆಂಗಿಲ್ಲದ್ದರಿಂದ ಹಳಸುವುದಿಲ್ಲ, ರಾತ್ರಿ ಕಳೆದಂತೆ ಹುಳಿ ಮೀನಿನೊಳಗೆ ಇಳಿಯುತ್ತದೆ. ತುಳುವಿನಲ್ಲಿ ಕೋಡೆದ ಕಜಿಪು ಎನ್ನುತ್ತೇವೆ, ನಿನ್ನೆಯ ಪದಾರ್ಥ. ಮೀನು ತಿನ್ನುವ ಮನೆಗಳಲ್ಲಿ ಅದಕ್ಕಾಗಿ ಬೆಳಿಗ್ಗೆ ಜಗಳ ಆಗುತ್ತದೆ. ಬೆಳಿಗ್ಗೆ ಅಳಗೆಯನ್ನು ಕೆಂಡದ ಮೇಲೆ ಇಟ್ಟು ಸಣ್ಣಗೆ ಕುದಿಸಿ, ಪಕ್ಕದಲ್ಲಿ ನೀರುದೋಸೆ ಹುಯ್ಯಬೇಕು.

ಆ ಹೊತ್ತಿಗೆ ಇಬ್ಬರೂ ಅಡುಗೆಮನೆಯ ಬಾಗಿಲ ಹತ್ತಿರ ಕೂತುಕೊಳ್ಳಿ, ಮನೆಯವರು ಬಿಟ್ಟರೆ ಒಳಗೇ. ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಉಪ್ಪು ಹಾಕಿ ಮಜ್ಜಿಗೆಗಿಂತ ತೆಳುವಾಗಿ ಕಲಸಿದ ಹಿಟ್ಟು, ಹುದುಗು ಇಲ್ಲ, ಉದ್ದು ಇಲ್ಲ. ಕಾವಲಿ ಚೆನ್ನಾಗಿ ಕಾದಿರಬೇಕು. ಸೌಟಿನಿಂದ ಅಂಚಿನಿಂದ ನಡುವಿಗೆ ಸುರಿಯುವಾಗ ಚುರ್ ಎಂಬ ಸದ್ದಿನ ಜೊತೆ ಹಿಟ್ಟು ತಾನೇ ತೂತುತೂತಾಗಿ ಬಲೆಯಂತೆ ಹರಡುತ್ತದೆ. ಸೌಟಿನಿಂದ ಸವರುವಂತಿಲ್ಲ. ಮುಚ್ಚಳ ಮುಚ್ಚಿ ಅರೆ ನಿಮಿಷ, ಅಂಚು ಎದ್ದಿತೆಂದರೆ ಆಯಿತು, ಮಗುಚುವುದಿಲ್ಲ. ಎರಡು ಮಡಿಕೆ ಮಡಚಿ ತಟ್ಟೆಗೆ. ಒಂದರ ಮೇಲೊಂದು ಬಿಸಿಬಿಸಿ ಪೇರಿಸಿದರೆ ಅಂಟಿಕೊಂಡು ಮುದ್ದೆ ಆಗುತ್ತದೆ, ಆದ್ದರಿಂದ ಒಂದು ತಿಂದು ಮುಗಿಯುವಾಗ ಇನ್ನೊಂದು ಬರಬೇಕು. ಬಫೆಯಲ್ಲಿ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ನೀರುದೋಸೆ ತಿಂದು ‘ಇಷ್ಟೇನಾ’ ಎಂದವರಿಗೆ ನಾನು ಹೇಳುವುದು, ನೀವು ಇನ್ನೂ ತಿಂದಿಲ್ಲ ಎಂದು. ನಿಮ್ಮವರಿಗೆ ಇದರ ಜೊತೆ ನಿನ್ನೆಯ ಪುಳಿಮುಂಚಿ. ನಿಮಗೆ ಪದೆಂಗಿ ಗಸಿ, ಕೊನೆಯ ಎರಡು ದೋಸೆಗೆ ಬೆಲ್ಲ ಬೆರೆಸಿದ ತೆಂಗಿನತುರಿ. ಆ ಕೊನೆಯ ಎರಡರಲ್ಲಿ ಒಂದನ್ನು ಅವರಿಗೆ ಕೊಡಿ.

ದಿನ ಆರಿಸುವಾಗ ಒಂದು ನೋಡಿಕೊಳ್ಳಿ. ನಮ್ಮ ಕಡೆ ಹಲವು ಮನೆಗಳಲ್ಲಿ ಸೋಮವಾರ ಮತ್ತು ಸಂಕ್ರಮಣದ ದಿನ ಮೀನು ಮಾಡುವುದಿಲ್ಲ. ನವೆಂಬರಿನ ಸಂಕ್ರಮಣ 16ರ ಆಸುಪಾಸಿಗೆ ಬರುತ್ತದೆ. ಮನೆಯ ಅಡುಗೆಯನ್ನೇ ನೆಚ್ಚಿ ಬರುವವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಭಾನುವಾರ ಬಾಗಿಲು ಹಾಕುವ ಸಣ್ಣ ಹೋಟೆಲುಗಳೂ ಇವೆ.

ಹಣದ ಹಂಚಿಕೆ ನಾನಾದರೆ ಹೀಗೆ ಮಾಡುತ್ತೇನೆ. ಶುಕ್ರವಾರ ಸಂಜೆ ವಿಮಾನದಲ್ಲಿ ಬಂದು ಭಾನುವಾರ ಸಂಜೆ ವಿಮಾನದಲ್ಲಿ ಹೋಗುವುದಕ್ಕೆ ಇಬ್ಬರಿಗೂ ಸೇರಿ 18,000 ಎತ್ತಿಡಿ, ಬೇಗ ಕಾದಿರಿಸಿದರೆ ಅದರಲ್ಲೂ ಉಳಿಯಬಹುದು. ಹಾರಾಟ ಸುಮಾರು ಒಂದು ಗಂಟೆ. ಕಾರಿನಲ್ಲಾದರೆ 350 ಕಿಲೋಮೀಟರು, ಘಾಟಿ ಇಳಿದು ಬರುವಾಗ ಏಳೆಂಟು ಗಂಟೆ, ಎರಡು ರಾತ್ರಿಯ ಪ್ರವಾಸಕ್ಕೆ ಅದು ಜಾಸ್ತಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ ದಾಟಿ ಬರುವ ಹಗಲು ರೈಲಿನ ಸೊಗಸೇ ಬೇರೆ, ಮೂರು ರಾತ್ರಿ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಎರಡು ರಾತ್ರಿಯ ಕೋಣೆಗೆ 28,000 ದಾಟಬೇಡಿ. ಚಾಲಕ ಸಹಿತ ಕಾರಿಗೆ 8,000. ಇದರಲ್ಲಿ ಕೈ ಬಿಗಿ ಮಾಡಬೇಡಿ, ತಿಂದ ಮೇಲೆ ಸ್ಟೇರಿಂಗ್ ಹಿಡಿಯದೆ ಹಿಂದಿನ ಸೀಟಿನಲ್ಲಿ ಒರಗಿಕೊಳ್ಳುವುದು ಈ ಎರಡು ದಿನದ ಸುಖಗಳಲ್ಲಿ ಒಂದು, ತೊಕ್ಕೊಟ್ಟು ಸೇತುವೆಯ ಸಂಜೆಯ ವಾಹನಸಾಲು ನೋಡಿದ ಮೇಲೆ ನೀವೇ ಒಪ್ಪುತ್ತೀರಿ. ಹೋಂಸ್ಟೇಯ ಮನೆಯ ಅಡುಗೆಗೆ 8,000 ಇಡಿ. ಅವರು ಕೇಳುವುದು ಕಡಿಮೆ ಇರುತ್ತದೆ, ಕೇಳಿದ್ದಕ್ಕಿಂತ ಹೆಚ್ಚು ಕೊಡಿ, ಮತ್ತು ಅಡುಗೆ ಮಾಡಿದವರ ಕೈಗೇ ಕೊಡಿ. ಪೇಟೆಯ ಹೋಟೆಲು, ಐಸ್‌ಕ್ರೀಂ ಎಲ್ಲ ಸೇರಿ 5,000ದಲ್ಲಿ ಧಾರಾಳವಾಗಿ ಮುಗಿಯಬೇಕು. 3,000 ಉಳಿಯಿತು.

ಅದರಲ್ಲಿ ಮನೆಗೆ ಸ್ವಲ್ಪ ಸಾಮಾನು ಕಟ್ಟಿಕೊಳ್ಳಿ. ಪುನರ್ಪುಳಿಯ ಒಣಸಿಪ್ಪೆ ಕಾಲು ಕೆಜಿ, ಹಲಸಿನ ಹಪ್ಪಳ, ಮತ್ತು ಕೋರಿ ರೊಟ್ಟಿಯ ಎರಡು ಕಟ್ಟು. ಕೋರಿ ಎಂದರೆ ಕೋಳಿ, ರೊಟ್ಟಿ ಮಾತ್ರ ಬರೀ ಅಕ್ಕಿಯದು, ಕಾಗದದಷ್ಟು ತೆಳು, ನಿಮಗೂ ಆಗುತ್ತದೆ. ಭಾನುವಾರ ಮಧ್ಯಾಹ್ನ ಹೊರಡುವ ಮೊದಲು ಅದನ್ನೇ ಉಣ್ಣಿ. ರೊಟ್ಟಿಯನ್ನು ಕೈಯಲ್ಲಿ ಮುರಿದು ತಟ್ಟೆ ತುಂಬ ಹರಡಿ, ಮೇಲೆ ಅವರಿಗೆ ಕೋಳಿ ಗಸಿ, ನಿಮಗೆ ಕಡಲೆ ಗಸಿ. ಸುರಿದ ಕೂಡಲೇ ತಿಂದರೆ ಬರೀ ಗರಿ, ಹೆಚ್ಚು ಕಾದರೆ ಗಂಜಿ. ನಡುವೆ ಒಂದೆರಡು ನಿಮಿಷ ಇರುತ್ತದೆ, ಕೆಳಗಿನದು ರಸ ಕುಡಿದು ಮೆತ್ತಗಾಗಿ ಮೇಲಿನದು ಇನ್ನೂ ಸದ್ದು ಮಾಡುವ ಹೊತ್ತು, ಆಗ ಮಾತು ನಿಲ್ಲಿಸಿ ತಿನ್ನಬೇಕು. ಒಮ್ಮೆಗೆ ಒಂದು ರೊಟ್ಟಿಯಷ್ಟೇ ಮುರಿದುಕೊಂಡು, ಮುಗಿದ ಮೇಲೆ ಮತ್ತೊಂದಕ್ಕೆ ಗಸಿ ಹಾಕಿಸಿಕೊಳ್ಳಿ. ಕಟ್ಟಿಸಿಕೊಂಡ ರೊಟ್ಟಿಯನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಂಡು, ಕಾಲಬುಡದಲ್ಲಿ ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ದೊಡ್ಡ ಪೆಟ್ಟಿಗೆಯ ಜೊತೆ ಹಾಕಿ ಕಳಿಸಿದರೆ ಬೆಂಗಳೂರು ಮುಟ್ಟುವಾಗ ಪುಡಿಯೇ ಉಳಿದಿರುತ್ತದೆ.